ಪೊಟ್ಟಣದ ಮೇಲಿನ ನ್ಯಾಯ, ಕಣದೊಳಗಿನ ಲೆಕ್ಕ

ಮೊದಲು ಒಂದು ಲೆಕ್ಕ ಮಾಡೋಣ. ಬೆಂಗಳೂರಿನ ಯಾವುದೋ ಏಸಿ ಕೆಫೆಯಲ್ಲಿ ಒಂದು ಕಪ್ಪುಚಿನೋಗೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾಗುವುದು ಸುಮಾರು 18 ಗ್ರಾಂ ಹುರಿದ ಪುಡಿ. ಹುರಿಯುವಾಗ ಬೀಜ ಸುಮಾರು ಶೇ 15ರಷ್ಟು ತೂಕ ಕಳೆದುಕೊಳ್ಳುತ್ತದೆ, ಆದ್ದರಿಂದ ಹಸಿರು ಬೀಜದ ಲೆಕ್ಕದಲ್ಲಿ 21 ಗ್ರಾಂ. ಇನ್ನು ತೋಟದ ಕಡೆಯಿಂದ ಬನ್ನಿ. 50 ಕಿಲೋ ರೋಬಸ್ಟಾ ಚೆರಿ ಮೂಟೆಯಲ್ಲಿ ಔಟ್‌ಟರ್ನ್ ಚೆನ್ನಾಗಿದ್ದರೆ 26 ಕಿಲೋ ಆಸುಪಾಸು ಬೀಜ ಸಿಗುತ್ತದೆ. 2024ರಲ್ಲಿ ಆ ಮೂಟೆಯ ಬೆಲೆ 10 ಸಾವಿರ ರೂಪಾಯಿ ಮುಟ್ಟಿದಾಗ ಮಲೆನಾಡಿನಲ್ಲಿ ಎಲ್ಲರೂ ಕಣ್ಣರಳಿಸಿದರು. ಆ ದರದಲ್ಲಿ ಬೀಜ ಕಿಲೋಗೆ 385 ರೂಪಾಯಿ. ಅಂದರೆ ಆ 250 ರೂಪಾಯಿಯ ಕಪ್ಪಿನಲ್ಲಿ ಬೆಳೆಗಾರನ ಪಾಲು 8 ರೂಪಾಯಿ. ಅದೇ ಚೆರಿ 2020ರ ಸುಮಾರಿಗೆ ಮೂರೂವರೆ ಸಾವಿರದ ಆಸುಪಾಸು ಇತ್ತು. ಆಗ ಪಾಲು 3 ರೂಪಾಯಿಯೂ ಇಲ್ಲ.

ಲೆಕ್ಕವನ್ನು ಇನ್ನೂ ಒಂದು ಹೆಜ್ಜೆ ಕೆಳಕ್ಕೆ ಇಳಿಸೋಣ. ಒಂದು ಕಿಲೋ ಬೀಜಕ್ಕೆ ಗಿಡದಿಂದ ನಾಲ್ಕೂವರೆ–ಐದು ಕಿಲೋ ಹಣ್ಣು ಕೊಯ್ಯಬೇಕು. ನಮ್ಮ 21 ಗ್ರಾಂ ಬೀಜಕ್ಕೆ ನೂರು ಗ್ರಾಂ ಹಣ್ಣು ಎನ್ನಿ. ಕೊಯ್ಯುವ ಹೆಂಗಸಿಗೆ ಕಿಲೋ ಹಣ್ಣಿಗೆ 5 ರೂಪಾಯಿ ಸಿಗುತ್ತದೆ ಎಂದು ಹಿಡಿದರೂ ಆ ಕಪ್ಪಿನಲ್ಲಿ ಅವಳ ಕೊಯ್ಲಿನ ಪಾಲು 50 ಪೈಸೆ. ಎಂಟಾಣೆ. ಆ ನಾಣ್ಯವನ್ನು ಈಗ ಅಂಗಡಿಯವರು ಮುಟ್ಟುವುದೂ ಇಲ್ಲ.

ನ್ಯಾಯಬದ್ಧ ವ್ಯಾಪಾರದ ಕಾಫಿ, ಅಂದರೆ ‘ಫೇರ್ ಟ್ರೇಡ್’ ಕಾಫಿಯ ಬಗ್ಗೆ ಮಾತಾಡುವಾಗ ಈ ಮೂರು ಅಂಕಿಗಳು ಕಣ್ಣೆದುರಿಗಿರಲಿ: 250 ರೂಪಾಯಿ, 8 ರೂಪಾಯಿ, 50 ಪೈಸೆ. ಲೇಬಲ್ಲು ಮಾತಾಡುವುದು ಮೊದಲ ಎರಡರ ನಡುವಿನ ಅಂತರದ ಬಗ್ಗೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರದ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ. ನಾವು ಪತ್ರಕರ್ತರೂ ಹೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಲೇಬಲ್ಲು ಹುಟ್ಟಿದ್ದು ಯಾಕೆ?

ಲೇಬಲ್ಲನ್ನು ಹೀಗಳೆಯುವುದು ಸುಲಭ. ಆದರೆ ಅದು ಹುಟ್ಟಿದ ಕಾಲವನ್ನು ನೋಡಿದರೆ ಅಷ್ಟು ಹಗುರವಾಗಿ ಮಾತಾಡಲಾಗದು.

1962ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಕೋಟಾ ಹಾಕಿ ಬೆಲೆ ಪಾತಾಳಕ್ಕೆ ಇಳಿಯದಂತೆ ತಡೆಯುವ ವ್ಯವಸ್ಥೆ ಅದು. ಅಮೆರಿಕ ಅದಕ್ಕೆ ಒಪ್ಪಿದ್ದು ಪ್ರೀತಿಯಿಂದಲ್ಲ. ಕ್ಯೂಬಾದ ಕ್ರಾಂತಿಯ ನಂತರ, ಕಾಫಿ ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ಇನ್ನಷ್ಟು ದೇಶಗಳು ಕೆಂಪಾಗುತ್ತವೆ ಎಂಬ ಹೆದರಿಕೆ ಅದಕ್ಕಿತ್ತು. ಶೀತಲ ಸಮರ ಮುಗಿಯುತ್ತ ಬಂದ ಹಾಗೆ ಆ ಹೆದರಿಕೆಯೂ ಮುಗಿಯಿತು. 1989ರ ಜುಲೈನಲ್ಲಿ ಕೋಟಾ ವ್ಯವಸ್ಥೆ ಕುಸಿದುಬಿತ್ತು, ಬೆಲೆಯೂ ಜೊತೆಗೇ ಬಿತ್ತು. ಅದರ ಮೇಲೆ 1990ರ ದಶಕದಲ್ಲಿ ವಿಯೆಟ್ನಾಂ ಜಗತ್ತಿನ ಎರಡನೇ ಅತಿ ದೊಡ್ಡ ಕಾಫಿ ದೇಶವಾಗಿ ಬೆಳೆಯಿತು. 2001ರ ಹೊತ್ತಿಗೆ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿಯ ಸರಾಸರಿ ದರ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿತ್ತು. ಆ ದಿನಗಳಲ್ಲಿ ಕೊಡಗು–ಚಿಕ್ಕಮಗಳೂರಿನಲ್ಲಿ ಏನಾಯಿತು ಎಂದು ಅಲ್ಲಿನ ಹಿರಿಯರನ್ನು ಕೇಳಿ. ಹಣ್ಣು ಕೊಯ್ಯುವ ಖರ್ಚೂ ಹುಟ್ಟದ ವರ್ಷಗಳವು.

ಆದರೆ ಅದೇ ಹೊತ್ತಿನಲ್ಲಿ ಕಾಫಿ ಕುಡಿಯುವವರು ಕೊಡುವ ದುಡ್ಡು ಕಡಿಮೆಯಾಗಲಿಲ್ಲ, ಏರಿತು. ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಮುಖ್ಯಸ್ಥರೇ 2002ರಲ್ಲಿ ಕೊಟ್ಟ ಲೆಕ್ಕ ಇದು. 1990ರ ದಶಕದ ಆರಂಭದಲ್ಲಿ ಜಗತ್ತಿನ ಚಿಲ್ಲರೆ ಕಾಫಿ ವ್ಯಾಪಾರ ಸುಮಾರು 3,000 ಕೋಟಿ ಡಾಲರ್, ಅದರಲ್ಲಿ ಬೆಳೆಯುವ ದೇಶಗಳಿಗೆ ಬರುತ್ತಿದ್ದುದು 1,000ದಿಂದ 1,200 ಕೋಟಿ. ಹತ್ತು ವರ್ಷದ ನಂತರ ಚಿಲ್ಲರೆ ವ್ಯಾಪಾರ 7,000 ಕೋಟಿ ಡಾಲರ್ ದಾಟಿತ್ತು, ಬೆಳೆಯುವ ದೇಶಗಳಿಗೆ ಬಂದದ್ದು 550 ಕೋಟಿ. ವ್ಯಾಪಾರ ಎರಡು ಪಟ್ಟಿಗಿಂತ ಹೆಚ್ಚಾಯಿತು, ಬೆಳೆದವರ ಪಾಲು ಅರ್ಧಕ್ಕೆ ಇಳಿಯಿತು. ಜಾಗತಿಕ ಅಸಮಾನತೆ ಎಂಬ ದೊಡ್ಡ ಪದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಗೊತ್ತಿಲ್ಲ.

ಲೇಬಲ್ಲು ಬಂದದ್ದು ಈ ಹಿನ್ನೆಲೆಯಲ್ಲಿ. ಮೆಕ್ಸಿಕೋದ ಒಹಾಕಾ ಪ್ರಾಂತದ ಮೂಲನಿವಾಸಿ ಬೆಳೆಗಾರರ ಸಹಕಾರ ಸಂಘ, ಅವರ ಜೊತೆ ಬದುಕುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹೋಫ್, ನೆದರ್ಲೆಂಡ್ಸ್‌ನ ನಿಕೋ ರೋಜನ್ — ಇವರೆಲ್ಲ ಸೇರಿ 1988ರಲ್ಲಿ ‘ಮ್ಯಾಕ್ಸ್ ಹ್ಯಾವೆಲಾರ್’ ಎಂಬ ಗುರುತನ್ನು ಕಾಫಿ ಪೊಟ್ಟಣದ ಮೇಲೆ ತಂದರು. ಡಚ್ಚರು ಜಾವಾದಲ್ಲಿ ನಡೆಸಿದ ಶೋಷಣೆಯನ್ನು ಬಯಲಿಗೆಳೆದ 1860ರ ಕಾದಂಬರಿಯ ನಾಯಕನ ಹೆಸರು ಅದು. ಬೇರೆ ಬೇರೆ ದೇಶಗಳ ಇಂತಹ ಗುರುತುಗಳು 1997ರಲ್ಲಿ ಒಂದೇ ಅಂತಾರಾಷ್ಟ್ರೀಯ ಸಂಸ್ಥೆಯಡಿ ಸೇರಿದವು. ಮಾರುಕಟ್ಟೆ ದರ 50 ಸೆಂಟ್‌ಗಿಂತ ಕೆಳಗಿದ್ದ ದಿನಗಳಲ್ಲಿ ಈ ವ್ಯವಸ್ಥೆಯೊಳಗೆ ಮಾರಿದ ಅರೇಬಿಕಾ ಸಂಘಗಳಿಗೆ ಪೌಂಡಿಗೆ 1.26 ಡಾಲರ್ ಸಿಕ್ಕಿತು. ಮುಳುಗುವವನಿಗೆ ಸಿಕ್ಕ ಹಗ್ಗ ಅದು. ಅದನ್ನು ಅಲ್ಲಗಳೆಯುವ ಹಕ್ಕು ದಡದಲ್ಲಿ ನಿಂತವರಿಗಿಲ್ಲ.

ನೆಲಗಟ್ಟು ಇದೆ, ಮನೆ ಇಲ್ಲ

ಹಾಗಾದರೆ ತೊಂದರೆ ಎಲ್ಲಿದೆ? ಫೇರ್‌ಟ್ರೇಡ್ ಕನಿಷ್ಠ ಬೆಲೆ ಎಂಬುದು ನೆಲಗಟ್ಟು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಮಾರುಕಟ್ಟೆ ಮೇಲಿದ್ದರೆ ಮಾರುಕಟ್ಟೆ ದರ, ಅದರ ಮೇಲೆ ಪೌಂಡಿಗೆ 20 ಸೆಂಟ್ ಸಮುದಾಯದ ಪ್ರೀಮಿಯಂ. ತೊಳೆದ ಅರೇಬಿಕಾದ ಕನಿಷ್ಠ ಬೆಲೆ 2011ರಿಂದ 1.40 ಡಾಲರ್‌ನಲ್ಲೇ ನಿಂತಿತ್ತು. ಹನ್ನೆರಡು ವರ್ಷಗಳ ನಂತರ, 2023ರ ಆಗಸ್ಟ್‌ನಿಂದ ಅದು 1.80 ಆಯಿತು. ಈ ಹನ್ನೆರಡು ವರ್ಷದಲ್ಲಿ ಗೊಬ್ಬರ, ಡೀಸೆಲ್, ಅಕ್ಕಿ ಯಾವುದೂ ನಿಂತಲ್ಲೇ ನಿಂತಿರಲಿಲ್ಲ.

ನಮ್ಮ ರೋಬಸ್ಟಾಕ್ಕೆ ಬರೋಣ. ಒಣಗಿಸಿದ ರೋಬಸ್ಟಾದ ಕನಿಷ್ಠ ಬೆಲೆ 2023ರ ಆಗಸ್ಟ್‌ನಿಂದ ಪೌಂಡಿಗೆ 1.20 ಡಾಲರ್ ಆಯಿತು. ಡಾಲರಿಗೆ 85 ರೂಪಾಯಿ ಹಿಡಿದರೆ ಬೀಜ ಕಿಲೋಗೆ 225 ರೂಪಾಯಿ, ಚೆರಿ ಮೂಟೆಯ ಲೆಕ್ಕದಲ್ಲಿ 5,850 ರೂಪಾಯಿ. ಅದೂ ಬಂದರಿನಲ್ಲಿ ಹಡಗಿಗೆ ಏರಿಸುವಾಗಿನ ಬೆಲೆ, ಕ್ಯೂರಿಂಗ್, ಸಾಗಣೆ, ಸಂಘದ ಖರ್ಚು ಎಲ್ಲ ಅದರಲ್ಲೇ ಕಳೆಯಬೇಕು. ಮಾರುಕಟ್ಟೆ ಹತ್ತು ಸಾವಿರದಲ್ಲಿದ್ದಾಗ ಈ ನೆಲಗಟ್ಟು ಪಾತಾಳದಲ್ಲಿ ಕಾಣುತ್ತದೆ. ಆಗ ಏನಾಗುತ್ತದೆ? ಸಂಘದ ಸದಸ್ಯನ ಮನೆ ಬಾಗಿಲಿಗೆ ವ್ಯಾಪಾರಿ ನಗದು ಹಿಡಿದುಕೊಂಡು ಬರುತ್ತಾನೆ. ಸಂಘ ದುಡ್ಡು ಕೊಡಲು ವಾರಗಳು ಬೇಕು, ವ್ಯಾಪಾರಿ ತೂಕ ಹಾಕಿದ ತಕ್ಷಣ ಎಣಿಸುತ್ತಾನೆ. ಮಗಳ ಮದುವೆ ಇರುವವನು ಯಾರಿಗೆ ಮಾರುತ್ತಾನೆ ಹೇಳಿ? ಬೆಲೆ ಏರಿದಾಗೆಲ್ಲ ಜಗತ್ತಿನ ಬೇರೆ ಬೇರೆ ಕಡೆ ಇಂತಹ ಸಂಘಗಳು ಒಪ್ಪಿಕೊಂಡಷ್ಟು ಕಾಫಿ ಪೂರೈಸಲಾಗದೆ ಒದ್ದಾಡಿವೆ.

ಬೆಲೆ ಬಿದ್ದಾಗ ಇನ್ನೊಂದು ತೊಂದರೆ. ಪ್ರಮಾಣಪತ್ರ ಪಡೆದ ಕಾಫಿಯೆಲ್ಲ ಆ ಬೆಲೆಗೆ ಮಾರಾಟವಾಗುವುದಿಲ್ಲ. ಕೊಳ್ಳುವ ಕಂಪನಿ ತನಗೆ ಬೇಕಾದಷ್ಟನ್ನು ಮಾತ್ರ ನ್ಯಾಯದ ದರಕ್ಕೆ ಕೊಳ್ಳುತ್ತದೆ. ಉಳಿದದ್ದು ಅದೇ ತೋಟದ, ಅದೇ ಬೀಜ, ಮಾಮೂಲಿ ದರಕ್ಕೆ ಹೋಗುತ್ತದೆ. ಆದರೆ ತಪಾಸಣೆಯ ಶುಲ್ಕ, ಕಡತ, ತರಬೇತಿ ಇವೆಲ್ಲದರ ಖರ್ಚು ಇಡೀ ಬೆಳೆಯ ಮೇಲೆ ಬೀಳುತ್ತದೆ. ಕುಡಿಯುವವನ ಮನಸ್ಸಿನ ಸಮಾಧಾನಕ್ಕೆ ಬೆಳೆಯುವವನು ರಸೀದಿ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೆಲೆಯನ್ನು ಯಾರು ಕಟ್ಟುತ್ತಾರೆ ಎಂಬುದು. ಅರೇಬಿಕಾದ ಬೆಲೆ ನ್ಯೂಯಾರ್ಕ್‌ನಲ್ಲಿ, ರೋಬಸ್ಟಾದ ಬೆಲೆ ಲಂಡನ್‌ನಲ್ಲಿ ನಿಗದಿಯಾಗುತ್ತದೆ. ಆ ಎರಡು ಊರಿನಲ್ಲೂ ಒಂದು ಕಾಫಿ ಗಿಡ ಇಲ್ಲ. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ತೋಟಗಳು ಸುಟ್ಟುಹೋದವು, ಬೆಲೆ ಎರಡು ವರ್ಷ ಆಕಾಶಕ್ಕೇರಿತು. 2024ರಲ್ಲಿ ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಬರದ ಪೆಟ್ಟು ಬಿತ್ತು, ಸಕಲೇಶಪುರದಲ್ಲಿ ಹೊಸ ಜೀಪುಗಳು ಓಡಾಡಿದವು. ನಮ್ಮ ಸುಗ್ಗಿ ಇನ್ನೊಬ್ಬ ಬಡವನ ಬರಗಾಲದ ಮೇಲೆ ನಿಂತಿದೆ. ಅಲ್ಲಿ ಮಳೆಯಾದ ದಿನ ಇಲ್ಲಿಯ ಬೆಲೆ ಇಳಿಯುತ್ತದೆ. ಬಡ ದೇಶಗಳ ರೈತರನ್ನು ಪರಸ್ಪರ ಎದುರಾಳಿಗಳನ್ನಾಗಿ ನಿಲ್ಲಿಸುವ ಈ ಆಟವನ್ನು ಯಾವ ಲೇಬಲ್ಲೂ ಮುಟ್ಟಿಲ್ಲ.

ಇದರ ಮೇಲೆ ಸುಂಕದ ಗೋಡೆ. ಯುರೋಪಿಗೆ ಹಸಿರು ಬೀಜ ಕಳಿಸಿದರೆ ಸುಂಕವಿಲ್ಲ. ಹುರಿದ ಕಾಫಿಗಾದರೆ ಶೇ 7.5 ಸಾಮಾನ್ಯ ಸುಂಕ. ಬೀಜ ಕೊಡು, ಹುರಿಯುವ ಕೆಲಸ ನಮಗಿರಲಿ ಎಂದು ಹೇಳುವ ಸಭ್ಯ ವಿಧಾನ ಇದು. ಒಂದೂ ಕಾಫಿ ಗಿಡವಿಲ್ಲದ ಜರ್ಮನಿ ಜಗತ್ತಿನ ದೊಡ್ಡ ಕಾಫಿ ರಫ್ತುದಾರ ದೇಶಗಳಲ್ಲಿ ಒಂದು. ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿ ಇಟಲಿ. ಅಲ್ಲಿನ ಎಸ್‌ಪ್ರೆಸೋದ ನೊರೆಗೆ ನಮ್ಮ ರೋಬಸ್ಟಾ ಬೇಕು, ಆದರೆ ಪೊಟ್ಟಣದ ಮೇಲೆ ಕೊಡಗಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಹೆಸರಿಗೂ ಬೆಲೆಯಿದೆ ಎಂದು ಇಥಿಯೋಪಿಯಾ ತೋರಿಸಿಕೊಟ್ಟಿತು. ಸಿಡಾಮೊ, ಹರಾರ್, ಯಿರ್ಗಚೆಫೆ ಎಂಬ ತನ್ನ ಊರುಗಳ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅದು ಹೊರಟಾಗ ಸ್ಟಾರ್‌ಬಕ್ಸ್ ಜೊತೆ ಜಗಳವಾಯಿತು, 2007ರಲ್ಲಿ ಇಬ್ಬರೂ ಒಪ್ಪಂದಕ್ಕೆ ಬಂದರು. ನಮಗೂ 2019ರಲ್ಲಿ ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಸಿಕ್ಕ ದಿನ ನಾವೆಲ್ಲ ಸುದ್ದಿ ಮಾಡಿದೆವು. ಆಮೇಲೆ ಆ ಗುರುತಿನಿಂದ ಯಾವ ಬೆಳೆಗಾರನ ಮೂಟೆಗೆ ಎಷ್ಟು ಹೆಚ್ಚು ಸಿಕ್ಕಿತು ಎಂದು ಹೋಗಿ ಕೇಳಿದವರು ಕಡಿಮೆ.

ಲೇಬಲ್ಲಿನಲ್ಲಿ ಇಲ್ಲದವರು

ಈಗ ಎಂಟಾಣೆಯ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಜಿಲ್ಲೆಗಳಲ್ಲಿ ಎಲ್ಲರಿಗೂ ಮುಜುಗರ ತರುವ ಭಾಗ.

ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಕಾಫಿಯಲ್ಲಿ ಪ್ರಮಾಣಪತ್ರ ಕೊಡುವುದು ಸಣ್ಣ ಬೆಳೆಗಾರರ ಸಂಘಗಳಿಗೆ. ಚಹಾ, ಬಾಳೆಯಲ್ಲಿರುವಂತೆ ದೊಡ್ಡ ತೋಟಗಳಿಗೆ ಕೊಡುವುದಿಲ್ಲ. ಇದೇ ಕಾರಣಕ್ಕೆ ಅಮೆರಿಕದ ಶಾಖೆ 2011ರಲ್ಲಿ ಮುನಿಸಿಕೊಂಡು ಬೇರೆಯಾಯಿತು. ಸಣ್ಣವರಿಗೇ ಮೀಸಲಿಡುವುದರ ಹಿಂದಿನ ಉದ್ದೇಶ ಒಳ್ಳೆಯದೇ. ಆದರೆ ಅದರೊಳಗೆ ಒಂದು ಚಿತ್ರ ಅಡಗಿದೆ: ತನ್ನ ನೆಲದಲ್ಲಿ ಹೆಂಡತಿ ಮಕ್ಕಳ ಜೊತೆ ತಾನೇ ದುಡಿಯುವ ರೈತ. ಪೊಟ್ಟಣದ ಮೇಲಿನ ನಗುಮುಖದ ಫೋಟೋ ಅವನದ್ದು. ವಾಸ್ತವದಲ್ಲಿ ನಾಲ್ಕೆಕರೆ ತೋಟದವನೂ ಕೊಯ್ಲಿನ ಸಮಯದಲ್ಲಿ ಆಳು ಕರೆಯದೆ ಗತಿಯಿಲ್ಲ. ಮರಗಸಿಗೂ ಆಳು ಬೇಕು, ಗಿಡಕಸಿಗೂ ಬೇಕು, ಗೊಬ್ಬರ ಹಾಕುವುದಕ್ಕೂ ಬೇಕು. ಆ ಆಳಿನ ಫೋಟೋ ಎಲ್ಲೂ ಇಲ್ಲ.

ಲಂಡನ್ ವಿಶ್ವವಿದ್ಯಾಲಯದ ಸೋಆಸ್ ಸಂಸ್ಥೆಯ ಸಂಶೋಧಕರು ಇಥಿಯೋಪಿಯಾ ಮತ್ತು ಉಗಾಂಡಾದಲ್ಲಿ ಅಧ್ಯಯನ ಮಾಡಿ 2014ರಲ್ಲಿ ವರದಿ ಕೊಟ್ಟರು. ಅವರು ಹುಡುಕಿದ್ದು ಬೆಳೆಗಾರರನ್ನಲ್ಲ, ಕೂಲಿಯವರನ್ನು. ಫೇರ್‌ಟ್ರೇಡ್ ಸಂಘಗಳಿರುವ ಪ್ರದೇಶಗಳಲ್ಲಿ ಕೂಲಿಯವರ ಸಂಬಳ, ಸೌಲಭ್ಯ ಬೇರೆಡೆಗಿಂತ ಚೆನ್ನಾಗಿರಲಿಲ್ಲ, ಹಲವೆಡೆ ಕಡಿಮೆಯೇ ಇತ್ತು ಎಂದು ಅವರು ಕಂಡುಕೊಂಡರು. ಫೇರ್‌ಟ್ರೇಡ್ ಸಂಸ್ಥೆ ಹೋಲಿಕೆಯೇ ಸರಿಯಿಲ್ಲ ಎಂದು ತಕರಾರು ತೆಗೆಯಿತು. ಆ ವಾದ ಏನೇ ಇರಲಿ, ಲೇಬಲ್ಲು ಬಂದು ಕಾಲು ಶತಮಾನವಾದ ಮೇಲೂ ಕೂಲಿಯವರ ಸ್ಥಿತಿ ಏನಾಗಿದೆ ಎಂದು ಹೊರಗಿನವರು ಹೋಗಿ ಕೇಳಬೇಕಾಯಿತು ಎಂಬುದೇ ದೊಡ್ಡ ಮಾತು.

ನಮ್ಮಲ್ಲಿಯೂ ಹಾಗೆಯೇ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಹಿಡುವಳಿಗಳಲ್ಲಿ ಶೇ 98ಕ್ಕಿಂತ ಹೆಚ್ಚು ಹತ್ತು ಹೆಕ್ಟೇರಿಗಿಂತ ಸಣ್ಣವು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆ, ಶಿಶುವಿಹಾರ ಎಲ್ಲವನ್ನೂ ಹೇಳಿತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಹೆಕ್ಟೇರ್ ಮತ್ತು ಹದಿನೈದು ಕಾರ್ಮಿಕರಿಗಿಂತ ಕಡಿಮೆಯಿಲ್ಲದ ತೋಟಗಳಿಗೆ. ನಾಲ್ಕೆಕರೆಯ ತೋಟದಲ್ಲಿ ಕೊಯ್ಯುವ ಹೆಂಗಸಿಗೆ ತೋಟ ಕಾರ್ಮಿಕರ ಕಾನೂನಿನ ರಕ್ಷಣೆಯೂ ಇಲ್ಲ, ಲೇಬಲ್ಲಿನ ಪ್ರೀಮಿಯಮ್ಮೂ ಇಲ್ಲ. ಎರಡು ಕೊಡೆಗಳ ನಡುವೆ ನೆನೆಯುವವಳು ಅವಳು.

ಹಾಗಂತ ದೊಡ್ಡ ಎಸ್ಟೇಟುಗಳ ಲೈನ್ ಮನೆಗಳಲ್ಲಿ ಎಲ್ಲ ಚೆನ್ನಾಗಿದೆ ಎಂದಲ್ಲ. ಕೊಡಗಿನ ಯರವರು, ಜೇನು ಕುರುಬರು ತಲೆಮಾರುಗಳಿಂದ ಲೈನ್ ಮನೆಯಲ್ಲಿ ಹುಟ್ಟಿ ಲೈನ್ ಮನೆಯಲ್ಲೇ ಸಾಯುತ್ತಿದ್ದಾರೆ. ಮನೆ ಧಣಿಯದ್ದು, ಹಾಗಾಗಿ ಕೆಲಸ ಬಿಟ್ಟರೆ ಮನೆಯೂ ಹೋಯಿತು. ಮುಂಗಡದ ಸಾಲ ಬೇರೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತುಹಾಕಿದಾಗ ರಾಜ್ಯವೆಲ್ಲ ಮಾತಾಡಿತು. ಅರಣ್ಯದ ಜಾಗ ಹೌದೋ ಅಲ್ಲವೋ ಎಂದು ಚರ್ಚೆಯಾಯಿತು. ಅವರಲ್ಲಿ ಬಹಳ ಮಂದಿ ಲೈನ್ ಮನೆ ಬಿಟ್ಟು ಬಂದವರು, ಸ್ವಂತದ್ದೊಂದು ಸೂರು ಬೇಕೆಂದು ಬಂದವರು ಎಂಬುದು ಆ ಗಲಾಟೆಯಲ್ಲಿ ಹಿಂದೆ ಸರಿಯಿತು. ಈಗ ತೋಟಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದವರು ಹೆಚ್ಚು. ಅವರಿಗೆ ಇಲ್ಲಿ ಭಾಷೆ ಇಲ್ಲ, ರೇಷನ್ ಕಾರ್ಡ್ ಇಲ್ಲ, ಮತವಿಲ್ಲ. ಮೇಸ್ತ್ರಿ ಹೇಳಿದ್ದೇ ಲೆಕ್ಕ. ಪತ್ರಿಕೆಯಲ್ಲಿ ಅವರು ಕಾಣಿಸಿಕೊಳ್ಳುವುದು ಪೊಲೀಸರು ದಾಖಲೆ ಪರಿಶೀಲನೆ ಮಾಡಿದ ದಿನ ಮಾತ್ರ.

ಬೆಳೆಗಾರರ ಮಾತನ್ನೂ ಕೇಳಬೇಕು, ಅದರಲ್ಲಿ ಸತ್ಯವಿದೆ. ಬೆಲೆ ಏರಿದ್ದು ಎರಡು ವರ್ಷ, ಅದಕ್ಕೆ ಮುಂಚೆ ಹತ್ತು ವರ್ಷ ಯಾರು ಕೇಳಿದ್ದರು ಎನ್ನುತ್ತಾರೆ. 2018, 2019ರಲ್ಲಿ ಕೊಡಗಿನಲ್ಲಿ ಗುಡ್ಡವೇ ಜಾರಿ ತೋಟದ ಮೇಲೆ ಬಿತ್ತು. ಹೂಮಳೆ ಸಮಯಕ್ಕೆ ಬರುವುದಿಲ್ಲ, ಕೊಯ್ಲಿನ ಸಮಯದಲ್ಲಿ ಬೇಡವೆಂದರೂ ಬರುತ್ತದೆ, ಕಣದಲ್ಲಿ ಹರವಿದ ಚೆರಿಗೆ ಬೂಸ್ಟು ಹಿಡಿಯುತ್ತದೆ. ಆನೆ ಕಾಟ, ಕಾಂಡಕೊರಕ, ಬ್ಯಾಂಕಿನವರು ಸರ್ಫೇಸಿ ಕಾಯ್ದೆಯಡಿ ತೋಟವನ್ನೇ ಹರಾಜಿಗಿಡುವ ನೋಟಿಸ್. ಹಳೆಯ ಸಾಲ ತೀರಿಸುವಷ್ಟರಲ್ಲಿ ಬೆಲೆ ಇಳಿದಿರುತ್ತದೆ. ಆಳುಗಳೇ ಸಿಗುವುದಿಲ್ಲ, ಸಿಕ್ಕವರಿಗೆ ಕೇಳಿದಷ್ಟು ಕೊಡುತ್ತಿದ್ದೇವೆ ಎಂಬುದು ಅವರ ವಾದ.

ಒಪ್ಪೋಣ. ಆದರೂ ಒಂದು ಸರಳ ಸಂಗತಿ ಉಳಿಯುತ್ತದೆ. ಚೆರಿ ಬೆಲೆ ನಾಲ್ಕು ವರ್ಷದಲ್ಲಿ ಸುಮಾರು ಮೂರು ಪಟ್ಟಾಯಿತು, ಕೂಲಿ ಮೂರು ಪಟ್ಟಾಗಲಿಲ್ಲ. ಬೆಲೆ ಬಿದ್ದಾಗ ಕೂಲಿಯವರು ನಷ್ಟ ಹಂಚಿಕೊಳ್ಳುತ್ತಾರೆ, ಏಕೆಂದರೆ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಬೆಲೆ ಏರಿದಾಗ ಲಾಭ ಹಂಚಿಕೊಳ್ಳುವ ಯಾವ ಏರ್ಪಾಡೂ ಇಲ್ಲ. ನ್ಯೂಯಾರ್ಕ್ ಮತ್ತು ಲಂಡನ್ ನಮಗೆ ಮಾಡುವುದನ್ನೇ ನಾವು ಲೈನ್ ಮನೆಗೆ ಮಾಡುತ್ತಿದ್ದೇವೆ. ಪಾಲು ಕೇಳುವಾಗ ಮೇಲಕ್ಕೆ ಮಾತ್ರ ನೋಡಿ, ಕೊಡುವಾಗ ಕೆಳಕ್ಕೆ ನೋಡದಿದ್ದರೆ ನಮ್ಮ ಬಾಯಲ್ಲಿ ನ್ಯಾಯ ಎಂಬ ಪದ ನಿಲ್ಲುವುದಿಲ್ಲ.

ಒಂದೇ ಲೋಟದಲ್ಲಿ ಎರಡು ಕಥೆ

ಹಾಗಾದರೆ ಏನು ಮಾಡಬೇಕು? ಉತ್ತರಕ್ಕೆ ಜರ್ಮನಿಯ ಬಾನ್ ನಗರದ ಕಚೇರಿಯ ಕಡೆ ನೋಡುವ ಮೊದಲು ಕಾಫಿ ಲೋಟದೊಳಗೇ ನೋಡಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಲು. ನಂದಿನಿ ಹಾಲಿಗೆ ನೀವು ಕೊಡುವ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಳ್ಳಿಯ ಡೇರಿಗೆ ಹಾಲು ಹಾಕಿದವರಿಗೆ ಹೋಗುತ್ತದೆ. ಅದರಲ್ಲೂ ತೊಂದರೆಗಳಿವೆ, ರಾಜಕೀಯವಿದೆ. ಆದರೂ ಎರಡು ಹಸು ಕಟ್ಟಿದ ಹೆಂಗಸಿಗೆ ನಿಗದಿಯಾಗಿ ದುಡ್ಡು ಬರುತ್ತದೆ. ಅದೇ ಲೋಟದ ಡಿಕಾಕ್ಷನ್ನಿನ ಕಥೆ ಬೇರೆ. ವ್ಯತ್ಯಾಸ ಇಷ್ಟೆ: ಹಾಲನ್ನು ಸಂಗ್ರಹಿಸುವುದು, ಸಂಸ್ಕರಿಸುವುದು, ಪ್ಯಾಕೆಟ್ ಮಾಡಿ ಮಾರುವುದು ಮೂರೂ ಉತ್ಪಾದಕರ ಸಂಘದ ಕೈಯಲ್ಲಿದೆ. ಕಾಫಿಯಲ್ಲಿ ಬೆಳೆಗಾರನ ಕೈ ಕಣದಲ್ಲಿ ನಿಲ್ಲುತ್ತದೆ.

ಘಟ್ಟದ ಕೆಳಗೆ ಇನ್ನೊಂದು ಉದಾಹರಣೆಯಿದೆ. ಕೋಕೋ ಬೆಳೆಯಿರಿ ಎಂದು ಹುರಿದುಂಬಿಸಿದ ನಂತರ 1979–80ರ ಸುಮಾರಿಗೆ ಬೆಲೆ ಕುಸಿದು, ಕೊಳ್ಳುವವರು ಹಿಂದೆ ಸರಿದರು. ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿಕೊಂಡಿದ್ದ ಕ್ಯಾಂಪ್ಕೊ ಆಗ ಕೋಕೋ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಹಾಕಿತು. ನಮ್ಮ ಬೀಜ ನಾವೇ ಚಾಕಲೇಟ್ ಮಾಡುತ್ತೇವೆ ಎಂದು ಹೇಳಲು ಯಾವ ವಿದೇಶಿ ಲೇಬಲ್ಲೂ ಬೇಕಾಗಲಿಲ್ಲ.

ಕಾಫಿಯಲ್ಲಿಯೂ ದಾರಿ ಇಲ್ಲದಿಲ್ಲ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ಕೆಲಸಗಾರರನ್ನು ಮನೆಗೆ ಕಳಿಸಿದಾಗ ಎ.ಕೆ. ಗೋಪಾಲನ್ ಅವರ ಮಾತಿನಂತೆ ಆ ಸರ್ವರ್‌ಗಳೇ ಸಹಕಾರ ಸಂಘ ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಘದ ಇಂಡಿಯನ್ ಕಾಫಿ ಹೌಸ್‌ನಲ್ಲಿ ಇವತ್ತಿಗೂ ಕಾಫಿ ಸಿಗುತ್ತದೆ. ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರ ಕಾಫಿಗೆ 2017ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆಯಿತು, ಪೊಟ್ಟಣದ ಮೇಲೆ ಅರಕು ಎಂಬ ಹೆಸರೇ ಇದೆ. ಪಕ್ಕದ ಮಲಬಾರಿನ ಬೆಟ್ಟದ ರೈತರು ಫೇರ್ ಟ್ರೇಡ್ ಅಲಯನ್ಸ್ ಕೇರಳ ಎಂಬ ಸಂಘ ಕಟ್ಟಿ ಗೋಡಂಬಿ, ಮೆಣಸು, ಕಾಫಿ ಎಲ್ಲವನ್ನೂ ಒಟ್ಟಿಗೆ ಮಾರುತ್ತಿದ್ದಾರೆ. ಲೇಬಲ್ಲನ್ನು ಅವರು ಬಳಸುತ್ತಾರೆ, ಅದನ್ನೇ ನಂಬಿ ಕೂತಿಲ್ಲ. ಒಂದೇ ಬೆಳೆಗೆ ಕಟ್ಟುಬಿದ್ದಿಲ್ಲದಿರುವುದೇ ಅವರ ಬಲ.

ಇನ್ನು ಕುಡಿಯುವವರ ಬಗ್ಗೆ. ದುಬಾರಿ ಕಪ್ಪು ಕೊಂಡರೆ ರೈತನಿಗೆ ಹೆಚ್ಚು ಹೋಗುತ್ತದೆ ಎಂಬ ಭ್ರಮೆ ಬೇಡ. ದರ್ಶಿನಿಯ 20 ರೂಪಾಯಿ ಕಾಫಿಯಲ್ಲಿ ಚಿಕೋರಿ ಕಳೆದು 6 ಗ್ರಾಂ ಕಾಫಿ ಪುಡಿ ಇದೆ ಎನ್ನಿ, ಹಸಿರು ಬೀಜದ ಲೆಕ್ಕದಲ್ಲಿ 7 ಗ್ರಾಂ. ಅದೇ 385 ರೂಪಾಯಿ ದರದಲ್ಲಿ ಬೆಳೆಗಾರನ ಪಾಲು 2 ರೂಪಾಯಿ 70 ಪೈಸೆ, ಅಂದರೆ ಶೇ 13ಕ್ಕಿಂತ ಹೆಚ್ಚು. ಕೆಫೆಯಲ್ಲಿ ಅದು ಶೇ 3 ಚಿಲ್ಲರೆ. ಕೆಫೆಯವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಬಾಡಿಗೆ, ಏಸಿ, ಸೋಫಾ, ವೈಫೈ ಎಲ್ಲಕ್ಕೂ ದುಡ್ಡು ಬೇಕು. ಅದೆಲ್ಲ ನಗರದಲ್ಲೇ ಉಳಿಯುವ ದುಡ್ಡು ಎಂಬುದಷ್ಟೇ ನನ್ನ ಮಾತು. ಬೆಳೆಗಾರರ ಸಂಘವೇ ಹುರಿದು ಮಾರುವ ಪುಡಿ ನಿಮ್ಮ ಊರಲ್ಲಿ ಸಿಕ್ಕರೆ ಅದನ್ನು ಕೊಳ್ಳಿ. ಕೂಲಿಯವರಿಗೆ ಏನು ಕೊಡುತ್ತೀರಿ ಎಂದೂ ಅವರನ್ನು ಕೇಳಿ.

ನಮ್ಮ ಪಾಲಿನ ಕೆಲಸ

ಸರ್ಕಾರ ಮಾಡಬೇಕಾದ್ದು ಬಹಳ ಇದೆ. ಹಾಸ್ಟೆಲ್, ಆಸ್ಪತ್ರೆ, ಕಚೇರಿಗಳಿಗೆ ಕೊಳ್ಳುವ ಕಾಫಿ ಪುಡಿಯನ್ನು ಬೆಳೆಗಾರರ ಸಂಘಗಳಿಂದಲೇ ಕೊಳ್ಳಬಹುದು. ತಾಲ್ಲೂಕಿಗೊಂದು ಸಣ್ಣ ಕ್ಯೂರಿಂಗ್ ಮತ್ತು ಹುರಿಯುವ ಘಟಕಕ್ಕೆ ಸಾಲ ಕೊಡಬಹುದು. ಸಣ್ಣ ತೋಟಗಳ ಕೂಲಿಯವರಿಗೆ ತೋಟದ ಮಾಲೀಕನನ್ನು ಅವಲಂಬಿಸದ ಮನೆ ನಿವೇಶನ, ವಿಮೆ, ಮಕ್ಕಳಿಗೆ ಅಂಗನವಾಡಿ ಒದಗಿಸಬಹುದು. ಲೈನ್ ಮನೆಯವರಿಗೆ ಸ್ವಂತ ನಿವೇಶನ ಸಿಕ್ಕರೆ ಅರ್ಧ ನ್ಯಾಯ ಅಲ್ಲೇ ಸಿಕ್ಕಿದಂತೆ. ಮನೆ ತನ್ನದಾದರೆ ಕೂಲಿಯ ಬಗ್ಗೆ ಬಾಯಿಬಿಟ್ಟು ಮಾತಾಡುವ ಧೈರ್ಯ ಬರುತ್ತದೆ.

ಆದರೆ ಈ ಬರಹ ಓದುವವರಲ್ಲಿ ಹೆಚ್ಚಿನವರು ಸುದ್ದಿ ಬರೆಯುವವರು, ಬರೆಯಲು ಕಲಿಯುತ್ತಿರುವವರು. ಹಾಗಾಗಿ ನಮ್ಮದೇ ಕೆಲಸದ ಬಗ್ಗೆ ಒಂದು ಪ್ರಸ್ತಾಪ ಇಡುತ್ತೇನೆ. ಕಾಫಿ ಜಿಲ್ಲೆಗಳ ಪತ್ರಿಕೆಗಳಲ್ಲಿ ಮಾರುಕಟ್ಟೆ ಧಾರಣೆ ಬರುತ್ತದೆ: ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ಅರೇಬಿಕಾ ಚೆರಿ ಇಷ್ಟು, ರೋಬಸ್ಟಾ ಚೆರಿ ಇಷ್ಟು, ಕಾಳುಮೆಣಸು ಇಷ್ಟು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸೋಣ: ಈ ವಾರ ಕೊಯ್ಲಿನ ಕೂಲಿ ದಿನಕ್ಕೆ ಇಷ್ಟು, ಕಿಲೋಗೆ ಇಷ್ಟು. ಮಡಿಕೇರಿಯಲ್ಲಿ ಇಷ್ಟು, ಮೂಡಿಗೆರೆಯಲ್ಲಿ ಇಷ್ಟು, ಸಕಲೇಶಪುರದಲ್ಲಿ ಇಷ್ಟು. ನಾಲ್ಕು ಲೈನ್ ಮನೆಗಳಿಗೆ ಹೋಗಿ ಕೇಳಿದರೆ ಸಿಗುವ ಅಂಕಿ ಇದು. ಖರ್ಚಿಲ್ಲ, ಹಿಂದಿ ಬಲ್ಲ ಒಬ್ಬ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋದರೆ ಸಾಕು.

ಆ ಒಂದು ಸಾಲಿನಿಂದ ಏನಾದೀತು ಎಂದು ಕೇಳಬಹುದು. ಮೂರು ವರ್ಷ ಬಿಡದೆ ಅಚ್ಚಾದರೆ ಚೆರಿ ಬೆಲೆ ಏರಿದಾಗ ಕೂಲಿ ಎಷ್ಟು ಏರಿತು, ಇಳಿದಾಗ ಎಷ್ಟು ಇಳಿಯಿತು ಎಂದು ಯಾರು ಬೇಕಾದರೂ ನೋಡಬಹುದು. ಕೂಲಿಯವರು ಮೇಸ್ತ್ರಿಯ ಮುಂದೆ ಆ ಪತ್ರಿಕೆ ತೋರಿಸಿ ಮಾತಾಡಬಹುದು. ಬೆಳೆಗಾರರೂ ನಾವು ಇಷ್ಟು ಕೊಡುತ್ತಿದ್ದೇವೆ ನೋಡಿ ಎಂದು ವಿದೇಶಿ ಖರೀದಿದಾರರ ಮುಂದೆ ಅದನ್ನೇ ಇಟ್ಟು ಹೆಚ್ಚು ಬೆಲೆ ಕೇಳಬಹುದು. ಲೇಬಲ್ಲು ಕೊಡುವವರು ಯಾವಾಗಲೋ ಒಮ್ಮೆ ತಪಾಸಣೆಗೆ ಬಂದು ಹೋಗುತ್ತಾರೆ. ನಾವು ಇದೇ ಊರಿನವರು, ವಾರವಾರವೂ ಹೋಗಿ ಕೇಳಬಲ್ಲೆವು.

ಮುಂದಿನ ಕೊಯ್ಲು ಶುರುವಾಗುವ ಹೊತ್ತಿಗೆ ನಿಮ್ಮ ತಾಲ್ಲೂಕಿನಿಂದ ಆ ಅಂಕಿ ತರಲು ಯಾರು ತಯಾರಿದ್ದೀರಿ? ಪತ್ರಿಕೆಗಳು ಹಾಕಲಿಲ್ಲವೆಂದರೆ ಇಲ್ಲೇ ಹಾಕೋಣ. ಮೊದಲ ವಾರ ಚಿಕ್ಕಮಗಳೂರಿನ ಕಡೆಯದ್ದನ್ನು ನಾನು ತರುತ್ತೇನೆ.